ಅಪ್ಪ ಅರ್ಧಕ್ಕೆ ಬಿಟ್ಟ ಇಪ್ಪತ್ತು ತೋಟಾ

ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಒಂದು ಅಮ್ಮನ ಅಡುಗೆಮನೆಯಲ್ಲಿ, ದೇವರ ಗೂಡಿನ ಪಕ್ಕ. ಇನ್ನೊಂದು ಗ್ಯಾರೇಜಿನ ಹಿಂಬಾಗಿಲ ಹೊರಗೆ, ಸಿಮೆಂಟ್ ಕಟ್ಟೆಯ ಮೇಲೆ, ಅಪ್ಪನದು. ಲಾಸ್ ಏಂಜಲೀಸ್ ಪಕ್ಕದ ನಾರ್ವಾಕ್‌ನ ಆ ಮನೆಗೆ ನಾವು ಬಂದಾಗ ನನಗೆ ಒಂಬತ್ತು ವರ್ಷ, ಅಣ್ಣ ಪ್ರಕಾಶನಿಗೆ ಹನ್ನೆರಡು. ಅಮ್ಮ ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟದ ಮನೆತನ. ಅಪ್ಪ ಮುಧೋಳದ ಕಡೆಯ ಬೇಡರು. ಇಬ್ಬರ ಮನೆಯವರೂ ಒಪ್ಪದ ಮದುವೆ ಅದು. ಅಷ್ಟು ಜನರ ಮಾತು ಮೀರಿ ಹೂಡಿದ ಸಂಸಾರದಲ್ಲಿ ಒಬ್ಬರನ್ನೊಬ್ಬರು ತಿದ್ದಲು ಹೋಗಬಾರದು ಎಂದು ಅವರು ಮೊದಲೇ ಮಾತಾಡಿಕೊಂಡಿದ್ದರಂತೆ. ಹಾಗಾಗಿ ಅಮ್ಮ ಒಳಗೆ ಅನ್ನ, ಸಾರು ಮಾಡಿ, ಅಪ್ಪನಿಗೆಂದು ಕಲಿತ ಜೋಳದ ರೊಟ್ಟಿಯನ್ನೂ ಬಡಿಯುತ್ತಿದ್ದರು. ವರ್ಷಕ್ಕೊಮ್ಮೆ ತಂದ ಬೇಟೆಯ ಮಾಂಸವನ್ನು ಅಪ್ಪ ಹೊರಗಿನ ಒಲೆಯ ಮೇಲೆ, ಕೆಂಪು ಬಣ್ಣದ ಚುಕ್ಕೆ ಇಟ್ಟ ಪಾತ್ರೆಗಳಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಆ ಪಾತ್ರೆಗಳು ಒಳಗೆ ಬರುತ್ತಿರಲಿಲ್ಲ. ಅಮ್ಮ ಗ್ಯಾರೇಜಿನ ಹೊಸ್ತಿಲು ದಾಟುತ್ತಿರಲಿಲ್ಲ. ಮಕ್ಕಳಾದ ನಮಗೆ ಯಾರೂ ಏನನ್ನೂ ವಿಧಿಸಲಿಲ್ಲ. ಪ್ರಕಾಶ ಅಡುಗೆಮನೆಯ ಮಗನಾದ, ನಾನು ಗ್ಯಾರೇಜಿನ ಮಗಳಾದೆ. ನಾನು ಗ್ಯಾರೇಜಿನಿಂದ ಒಳಗೆ ಬಂದಾಗ ಅಮ್ಮ ಕೇಳುತ್ತಿದ್ದದ್ದು ಒಂದೇ, ಕೈ ಬಾಯಿ ತೊಳೆದ್ಯಾ ಅಂತ. ಏನು ತಿಂದೆ ಎಂದು ಒಂದು ದಿನವೂ ಕೇಳಲಿಲ್ಲ.

ಅಪ್ಪ ಐಟಿಐ ಓದಿದವರು. ಎಲ್ ಸೆಗುಂಡೋದಲ್ಲಿ ವಿಮಾನದ ಬಿಡಿಭಾಗ ಮಾಡುವ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಅಲ್ಲಿ ಕೂದಲೆಳೆಗಿಂತ ಸಣ್ಣ ವ್ಯತ್ಯಾಸವಾದರೂ ತುಣುಕು ಗುಜರಿಗೆ ಹೋಗುತ್ತಿತ್ತು. ಅದೇ ಕೈ ಶನಿವಾರ ಬೆಳಿಗ್ಗೆ ಗ್ಯಾರೇಜಿನ ಬೆಂಚಿನ ಮುಂದೆ ತೋಟಾ ಮಾಡುತ್ತಿತ್ತು. ಹಾರಿಸಿದ ತೋಟಾದ ಹಿತ್ತಾಳೆ ಕೇಸು ಎಸೆಯುವ ವಸ್ತುವಲ್ಲ. ಅದರ ತಳದಲ್ಲಿ ಮದ್ದಿಗೆ ಕಿಡಿ ಕೊಟ್ಟು ಸತ್ತ ಕೇಪನ್ನು ತಳ್ಳಿ ತೆಗೆಯಬೇಕು, ಹಿಗ್ಗಿದ ಮೈಯನ್ನು ಪ್ರೆಸ್ಸಿನಲ್ಲಿ ಒತ್ತಿ ಅಳತೆಗೆ ತರಬೇಕು, ಬಾಯನ್ನು ಒಂದಿಷ್ಟು ಅರಳಿಸಬೇಕು, ಹೊಸ ಕೇಪು ಕೂರಿಸಬೇಕು, ತಕ್ಕಡಿಯಲ್ಲಿ ತೂಗಿದ ಮದ್ದು ಸುರಿಯಬೇಕು, ಕೊನೆಗೆ ಗುಂಡು ಒತ್ತಿ ಬಾಯಿ ಬಿಗಿಮಾಡಬೇಕು. ಹೇಳಲು ಇಷ್ಟೇ. ಅಪ್ಪ ಇಪ್ಪತ್ತು ತೋಟಾಕ್ಕೆ ಇಡೀ ಬೆಳಗು ತೆಗೆದುಕೊಳ್ಳುತ್ತಿದ್ದರು. ನನ್ನ ಕೆಲಸ ನೋಟ್‌ಬುಕ್ಕಿನಲ್ಲಿ ಬರೆಯುವುದು, ಅದೂ ಕನ್ನಡದಲ್ಲೇ. ನಾನು ಊರಲ್ಲಿ ಓದಿದ್ದು ಮೂರನೆಯ ತರಗತಿ. ಉಳಿದ ಕನ್ನಡ ಆ ನೋಟ್‌ಬುಕ್ಕಿನಿಂದ ಬಂದದ್ದು. ಯಾವ ಮದ್ದು, ಎಷ್ಟು ತೂಕ, ಯಾವ ಗುಂಡು, ಹಾರಿಸಿದ ದಿನ ಗಾಳಿ ಯಾವ ಕಡೆಗಿತ್ತು. ಚೆಂದದ ಮಾತಿಗೆ ಅದರಲ್ಲಿ ಜಾಗವಿರಲಿಲ್ಲ. ಈಗ ಇದನ್ನು ಬರೆಯುವಾಗಲೂ ನನ್ನ ಕೈ ಹಾಗೆಯೇ ಓಡುತ್ತದೆ.

ಬೆಂಚಿಗೆ ಎರಡು ನಿಯಮಗಳಿದ್ದವು. ಮದ್ದು ಸುರಿಯುವಾಗ ಯಾರೂ ಮಾತಾಡಬಾರದು ಎಂಬುದು ಮೊದಲನೆಯದು. ದೊಡ್ಡ ಕೇಸಿನೊಳಗೆ ಸ್ವಲ್ಪವೇ ಮದ್ದು. ಲಕ್ಷ್ಯ ತಪ್ಪಿ ಒಂದಕ್ಕೇ ಎರಡು ಸಲ ಸುರಿದರೂ ಅದು ಹೊರಗೆ ತುಳುಕುವುದಿಲ್ಲ, ರೈಫಲ್ ಮಾತ್ರ ಮುಖಕ್ಕೇ ಒಡೆಯುತ್ತದೆ. ಪ್ರಕಾಶ ಹದಿಮೂರರವನಿದ್ದಾಗ ಒಮ್ಮೆ ಸ್ಟೂಲ್ ಎಳೆದುಕೊಂಡು ಬಂದು ಕೂತ. ಐದನೆಯ ಕೇಸಿಗೆ ಏನೋ ಪ್ರಶ್ನೆ ಕೇಳಿದ. ಅಪ್ಪ ಬೈಯಲಿಲ್ಲ. ಐದೂ ಕೇಸುಗಳ ಮದ್ದನ್ನು ಡಬ್ಬಿಗೆ ವಾಪಸ್ ಸುರಿದು, ಒಳಗೆ ಹೋಗಿ ಅಮ್ಮನಿಗೆ ಕಾಯಿ ತುರಿದುಕೊಡು ಎಂದರು. ಅಣ್ಣ ಹೋದ. ಮತ್ತೆ ಬರಲಿಲ್ಲ, ಅಪ್ಪನೂ ಕರೆಯಲಿಲ್ಲ. ಎರಡನೆಯ ನಿಯಮವನ್ನು ಅಪ್ಪ ನನಗೆ ವರ್ಷಕ್ಕೊಂದು ಸಲವಾದರೂ ಹೇಳುತ್ತಿದ್ದರು.

"ಯಾರು ಮದ್ದು ಹಾಕ್ತಾರ, ಅವರ ಗುಂಡು ಕೂಡಸಬೇಕು ನೀಲವ್ವಾ. ನಡುವ ಕೈ ಬದಲಾತಂದ್ರ ಆ ತೋಟಾಕ್ಕ ಅಪ್ಪನೂ ಇಲ್ಲ, ಅವ್ವನೂ ಇಲ್ಲ."

ಅವರ ರೈಫಲ್ ಒಮ್ಮೆಗೆ ಒಂದೇ ತೋಟಾ ಹಿಡಿಯುವಂಥದ್ದು. ಜೊತೆಗೆ ಕೆಲಸ ಮಾಡುತ್ತಿದ್ದ ರುಬೆನ್ ಎಂಬ ಸ್ನೇಹಿತನ ಮಾವನಿಂದ ಅಪ್ಪನಿಗೆ ಬಂದದ್ದು. ಅದರ ತೋಟಾಕ್ಕೆ ನಲವತ್ತೈದು-ಎಪ್ಪತ್ತು ಎಂದು ಹೆಸರು. ನಳಿಗೆಯ ಅಗಲ ಇಂಚಿನ ನೂರು ಪಾಲಲ್ಲಿ ನಲವತ್ತೈದು. ಹಿಂದಿನ ಕಾಲದಲ್ಲಿ ಅದಕ್ಕೆ ಎಪ್ಪತ್ತು ಗ್ರೇನ್ ಕರಿಮದ್ದು ತುಂಬುತ್ತಿದ್ದರು. ನನ್ನ ಹೆಬ್ಬೆರಳಿನಷ್ಟು ದಪ್ಪ. ಈ ಕಾಲದ ತೆಳ್ಳಗಿನ, ವೇಗದ ತೋಟಾಗಳ ಮುಂದೆ ಹಳೆಯ ಕಾಲದ ಮುದುಕ. ಅಂಗಡಿಯವರು ಹೊಸದನ್ನು ತೋರಿಸಿದಾಗಲೆಲ್ಲ ಅಪ್ಪ ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಡುತ್ತಿದ್ದರು. ಅವು ಕುದರಿ, ಇದು ಎತ್ತು, ಸಾವಕಾಶ ಹೋಗತೈತಿ ಆದ್ರ ಹೋಗಿ ಮುಟ್ಟತೈತಿ ಅನ್ನುತ್ತಿದ್ದರು. ಕುಂಪಣಿ ಸರಕಾರ ಹತಾರ ಒಪ್ಪಿಸಿರಿ ಅಂದಾಗ ಒಪ್ಪಿಸದೆ ನಿಂತ ಹಲಗಲಿಯ ಬೇಡರ ಕಥೆಯನ್ನು ನಾವಿಬ್ಬರೂ ಊಟದ ಹೊತ್ತಿಗೆ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಅಮ್ಮ ಅದೇ ಹೊತ್ತಿಗೆ ಮೊಸರು ಬಡಿಸಲು ಏಳುತ್ತಿದ್ದರು.

ನಾನು ಹೆಚ್ಚು ಓದಲಿಲ್ಲ. ಆರ್ಟೀಸಿಯಾದ ಸೀರೆ ಅಂಗಡಿಯೊಂದರಲ್ಲಿ ಬ್ಲೌಸ್ ಹೊಲಿಯುವ ಕೆಲಸಕ್ಕೆ ಸೇರಿದೆ, ಮದುವೆಯಾದೆ, ಕೆಲವು ವರ್ಷಗಳ ನಂತರ ಆ ಮದುವೆ ಮುಗಿಯಿತು. ಪ್ರಕಾಶ ಎಂಜಿನಿಯರ್ ಆಗಿ ಸ್ಯಾನ್ ಡಿಯಾಗೋ ಸೇರಿ, ಸೊರೆಂಟೊ ವ್ಯಾಲಿಯ ಕಂಪನಿಯೊಂದರಲ್ಲಿ ಮೇಲಕ್ಕೇರಿದ. ಅವನಿಗೆ ಇಬ್ಬರು ಗಂಡು ಮಕ್ಕಳು. ಕೋವಿಡ್ ಬಂದು ಸೀರೆ ಅಂಗಡಿ ಮುಚ್ಚಿದಾಗ ನಾನು ಎರಡು ಸೂಟ್‌ಕೇಸ್ ಮತ್ತು ಹೊಲಿಗೆ ಯಂತ್ರದೊಂದಿಗೆ ನಾರ್ವಾಕ್‌ನ ನನ್ನ ಹಳೆಯ ಕೋಣೆಗೆ ಬಂದೆ. ಅದೇ ಮಂಚ, ಕಿಟಕಿಯಿಂದ ಕಾಣುವ ಅದೇ ಗ್ಯಾರೇಜು. ಅಪ್ಪ ಆಗಲೇ ರಿಟೈರ್ ಆಗಿದ್ದರು. ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವರು ಗ್ಯಾರೇಜಿನತ್ತ ನಡೆದಾಗ ನಾನೂ ಎದ್ದು ಹಿಂದೆ ಹೋದೆ. ಬೆಂಚಿನ ಮೇಲೆ ನೋಟ್‌ಬುಕ್ ಇತ್ತು. ಮದುವೆಯಾಗಿ ಹೋದ ಮೇಲಿನ ಪುಟಗಳಲ್ಲಿ ಅಪ್ಪನ ದೊಡ್ಡ ದೊಡ್ಡ ಅಕ್ಷರಗಳಿದ್ದವು. ಅವರು ಪೆನ್ನನ್ನು ನನ್ನ ಕಡೆ ಸರಿಸಿ ತಕ್ಕಡಿ ಒರೆಸತೊಡಗಿದರು. ನನ್ನ ಮದುವೆಯ ಬಗ್ಗೆ ಅವರು ಮಾತಾಡಿದ್ದು ಅಷ್ಟೇ.

ಆ ವರ್ಷ ಎಲ್ಲೂ ಕೇಪು ಸಿಗುತ್ತಿರಲಿಲ್ಲ. ಹೆದರಿದ ಜನ ಅಂಗಡಿಗಳ ಕಪಾಟು ಖಾಲಿಮಾಡಿದ್ದರು. ಸೀಸದ ಗುಂಡಿನಿಂದ ಬೇಟೆಯಾಡಬಾರದು ಎಂಬ ಕಾನೂನು ಬಂದಿದ್ದರಿಂದ, ಹಿತ್ತಲಿನಲ್ಲಿ ಸೀಸ ಕರಗಿಸಿ ಅಪ್ಪ ತಾವೇ ಎರೆದ ಗುಂಡುಗಳೂ ಗುರಿ ಅಭ್ಯಾಸಕ್ಕೆ ಮಾತ್ರ. ಬೇಟೆಗೆ ತಾಮ್ರದ ಗುಂಡು ತರಿಸಬೇಕಿತ್ತು. ಉಳಿದಿದ್ದ ಕೇಪುಗಳಲ್ಲಿ ಚಳಿಗಾಲ ಮುಗಿದ ಮೇಲಿನ ಹಂದಿ ಬೇಟೆಗೆಂದು ಅಪ್ಪ ಇಪ್ಪತ್ತನ್ನು ಆರಿಸಿಕೊಂಡರು. ಒಂದು ಶನಿವಾರ, ಕುಳಿ ಕೊರೆದ ಮರದ ಹಲಗೆಯಲ್ಲಿ ಇಪ್ಪತ್ತು ಕೇಸುಗಳನ್ನು ನಿಲ್ಲಿಸಿ ಇಪ್ಪತ್ತಕ್ಕೂ ಮದ್ದು ಸುರಿದರು. ಗುಂಡು ಕೂರಿಸುವ ಮುನ್ನ ಯಾಕೋ ಚಳಿ ಆಗತೈತಿ ಎಂದು ಎದ್ದರು. ಹಲಗೆಯ ಮೇಲೆ ಸ್ಟೀಲ್ ತಾಟು ಮುಚ್ಚಿ ಹೋಗಿ ಮಲಗಿದರು. ಐದನೆಯ ದಿನ ಆಂಬುಲೆನ್ಸ್ ಬಂತು. ಆಸ್ಪತ್ರೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ನರ್ಸ್ ಒಬ್ಬರು ಫೋನ್ ಹಿಡಿದುಕೊಂಡಾಗ ಅಪ್ಪ ಆಕ್ಸಿಜನ್ ಮಾಸ್ಕಿನೊಳಗಿಂದ, ಉಸಿರು ನಿಲ್ಲಿಸಿ ನಿಲ್ಲಿಸಿ ಮಾತಾಡಿದರು. ಅಮ್ಮನ ಹತ್ತಿರ ಊಟ ಮಾಡಿದ್ಯೇನು ಎಂದು ಕೇಳಿದರು. ನನ್ನ ಹತ್ತಿರ ಬೆಂಚಿನ ಮಾತು.

"ಆ ಹಲಗಿ ಹಂಗ ಇರಲಿ. ನಾ ಬಂದು ಕೂಡಸ್ತೀನಿ. ಬರಲಿಲ್ಲಂದ್ರ ಮದ್ದು ಸುರುವಿಬಿಡು."

ಅವರು ಬರಲಿಲ್ಲ. ಎರಡನೆಯ ಮಾತನ್ನು ನಾನು ಕೇಳಿಸಿಕೊಳ್ಳದವಳಂತೆ ಇದ್ದುಬಿಟ್ಟೆ.

ದಹನಕ್ಕೆ ಸರದಿಗಾಗಿ ಕಾಯಬೇಕಾಯಿತು. ಪ್ರಕಾಶ, ನಾನು, ಅಮ್ಮ, ದೂರದಲ್ಲಿ ಮಾಸ್ಕ್ ಹಾಕಿಕೊಂಡು ನಿಂತ ರುಬೆನ್. ಕರ್ಮಗಳನ್ನು ಪುರೋಹಿತರು ಫೋನಿನ ಪರದೆಯ ಮೇಲೆ ಕೂತು ಮಾಡಿಸಿದರು. ಹನ್ನೊಂದನೆಯ ದಿನ ಮನೆಯೆಲ್ಲ ಅರಿಶಿನ ನೀರು ಚಿಮುಕಿಸಿ ಶುದ್ಧಮಾಡಿಕೊಳ್ಳಿ ಎಂದರು. ಅಮ್ಮ ತಂಬಿಗೆ ಹಿಡಿದು ಕೋಣೆ ಕೋಣೆಗೆ ಹೋಗುತ್ತಿದ್ದದ್ದನ್ನು ನಾನು ಸೋಫಾದ ಮೇಲಿಂದ ನೋಡಿದೆ. ಆಮೇಲೆ ನನಗೆ ನಿದ್ದೆ ಬಂತು, ಅಪ್ಪ ಹೋದ ಮೇಲೆ ಮೊದಲ ಸಲ. ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ತಾಟು ಎತ್ತಿದೆ. ಟಾರ್ಚ್ ಹಿಡಿದು ಒಂದೊಂದು ಕೇಸಿನೊಳಗೂ ಇಣುಕಿದೆ. ಇಪ್ಪತ್ತರಲ್ಲೂ ಮದ್ದು ಒಂದೇ ಮಟ್ಟಕ್ಕಿತ್ತು. ಅದು ಅಪ್ಪ ತೂಗಿದ ಮದ್ದು. ಅದನ್ನು ಚೆಲ್ಲುವ ಕೈ ನನಗಿರಲಿಲ್ಲ. ಇಪ್ಪತ್ತಕ್ಕೂ ನಾನೇ ಗುಂಡು ಕೂರಿಸಿದೆ. ನೋಟ್‌ಬುಕ್ಕಿನಲ್ಲಿ ಅಪ್ಪನ ಹೆಸರು ಬರೆದೆ, ನನ್ನದನ್ನು ಬರೆಯಲಿಲ್ಲ.

ಪ್ರಕಾಶ ವಿಷಯ ಎತ್ತಿದ್ದು ತಿಂಗಳಾದ ಮೇಲೆ. ಅಮ್ಮ ಸ್ನಾನಕ್ಕೆ ಹೋಗಿದ್ದರು. ಅವನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ನನ್ನ ಮುಖ ನೋಡದೆ ಮಾತಾಡಿದ.

"ಆ ರೈಫಲ್‌ನ ಪೊಲೀಸ್ ಸ್ಟೇಷನ್‌ಗೆ ಹ್ಯಾಂಡ್ ಓವರ್ ಮಾಡೋಣ ನೀಲಾ. ಒಂದು ಫೋನ್ ಮಾಡಿದ್ರೆ ಸಾಕು."

"ಅವ್ರು ಏನ್ ಮಾಡ್ತಾರೆ ಅದನ್ನ?"

"ಕಟ್ ಮಾಡಿ ಕರಗಿಸ್ತಾರೆ."

"ಹಾಗಾದ್ರೆ ಕೊಡಲ್ಲ."

"ನನ್ ಹುಡುಗ್ರು ಆರು ವರ್ಷ, ನಾಲ್ಕು ವರ್ಷ. ಅದು ಈ ಮನೇಲಿ ಇರೋತನಕ ಅವ್ರು ಇಲ್ಲಿಗೆ ಬರಲ್ಲ. ಅಮ್ಮನಿಗೂ ಹೇಳ್ತೀನಿ."

ಅವನ ಭಯ ಸುಳ್ಳಲ್ಲ. ಅವನ ಮಕ್ಕಳ ಶಾಲೆಯಲ್ಲಿ, ಯಾರಾದರೂ ಬಂದೂಕು ಹಿಡಿದು ನುಗ್ಗಿದರೆ ಮೇಜಿನ ಕೆಳಗೆ ಅಡಗುವುದನ್ನು ಹೇಳಿಕೊಡುತ್ತಾರೆ. ಕಬ್ಬಿಣದ ಸೇಫ್ ಇದೆ, ಬೀಗ ಇದೆ ಎಂದೆ. ಅವನು ಆಗದು ಎಂದು ತಲೆಯಾಡಿಸಿದ. ಅಪ್ಪನ ಹೆಸರಿನಲ್ಲಿದ್ದ ರೈಫಲ್ ಕಾಗದದ ಮೇಲೆ ಈಗ ಅಮ್ಮನದಾಗಿತ್ತು. ಅಮ್ಮ ಸಹಿ ಹಾಕಿದರೆ ಪೊಲೀಸರ ಪಾಲು, ಇಲ್ಲವೇ ನನ್ನ ಪಾಲು. ನಾನು ಪುಸ್ತಕ ತರಿಸಿ ಓದಿದೆ. ಬಂದೂಕು ಸುರಕ್ಷತೆಯ ಪರೀಕ್ಷೆ ಬರೆದೆ, ಬೇಟೆ ಕಲಿಸುವ ಕ್ಲಾಸ್ ಮುಗಿಸಿದೆ, ಲೈಸೆನ್ಸ್‌ಗೆ ಅಪ್ಲೈ ಮಾಡಿ ಪಡೆದೆ. ಅಪ್ಪನ ಹಳೆಯ ಸೀಸದ ತೋಟಾಗಳನ್ನು ಗುರಿ ಅಭ್ಯಾಸದ ರೇಂಜಿಗೆ ಒಯ್ದು ಭುಜ ನೀಲಿಯಾಗುವವರೆಗೆ ಹಾರಿಸಿದೆ. ಅಷ್ಟರಲ್ಲಿ ಸೀರೆ ಅಂಗಡಿ ಮತ್ತೆ ತೆರೆದಿತ್ತು. ಸುದ್ದಿ ಹೇಗೆ ಹೋಯಿತೋ, ಬ್ಲೌಸ್ ಅಳತೆಗೆ ಬಂದ ಆಂಟಿಯೊಬ್ಬರು ಕೈ ಎತ್ತಿ ನಿಂತುಕೊಂಡೇ, ಏನಮ್ಮ, ತೋಳು ಬಿಗಿಯಾದ್ರೆ ಕೇಳೋಕೂ ಹೆದರಿಕೆ ಕಣಮ್ಮ ಇನ್ಮೇಲೆ ಎಂದರು. ಸುತ್ತಲಿದ್ದವರು ನಕ್ಕರು. ಕೇಳಿ ಆಂಟಿ, ಒಂದು ಸಲ ಬಿಚ್ಚಿ ಹೊಲಿಯೋದು ಫ್ರೀ ಎಂದು ಟೇಪ್ ಸುತ್ತಿಟ್ಟೆ. ನನ್ನ ದುಃಖ ಜನರಿಗೆ ಇಷ್ಟವಾಗುವ ರೂಪದಲ್ಲಿ ಇರಬೇಕು ಎಂದು ಎಲ್ಲಿ ಬರೆದಿದೆ? ಫೋಟೋಗೆ ಹಾರ ಹಾಕಿ ದೀಪ ಹಚ್ಚಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಸ್ಯಾನ್ ಡಿಯಾಗೋದ ಪೂರ್ವಕ್ಕೆ, ರಮೋನಾ ದಾಟಿದ ಬೆಟ್ಟಗಳಲ್ಲಿ ರುಬೆನ್‌ನ ಹೆಂಡತಿಯ ಕಡೆಯವರ ಜಮೀನಿದೆ. ಅಲ್ಲಿಗೆ ಕಾಡುಹಂದಿ ಬಂದು ಓಕ್ ಮರಗಳ ಬುಡವನ್ನೆಲ್ಲ ಅಗೆದು ಹಾಕುತ್ತವೆ. ಅಪ್ಪ ಪ್ರತಿ ವರ್ಷ ಹೋಗುತ್ತಿದ್ದದ್ದು ಅಲ್ಲಿಗೇ. ಅಮ್ಮನಿಂದ ರೈಫಲ್ ಎರವಲು ಪಡೆದು, ಅಪ್ಪನ ಇಪ್ಪತ್ತರಲ್ಲಿ ಐದು ತೋಟಾ ತೆಗೆದುಕೊಂಡು ನಾನು ಹೊರಟೆ. ಹೊಸ ತೋಟಾಗಳಲ್ಲಿ ಒಂದನ್ನಾದರೂ ಮೊದಲು ರೇಂಜಿನಲ್ಲಿ ಹಾರಿಸಿ ನೋಡಬೇಕು. ಅಪ್ಪ ಯಾವತ್ತೂ ಅದನ್ನು ತಪ್ಪಿಸಿದವರಲ್ಲ. ನಾನು ತಪ್ಪಿಸಿದೆ. ಒಂದನ್ನು ಹಾರಿಸಿದರೆ ಹತ್ತೊಂಬತ್ತಾಗುತ್ತದೆ ಎಂಬ ಸಂಕಟ. ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಅರವತ್ತು ಗಜದಾಚೆ ಒಂದು ಗಂಡು ಹಂದಿ ಒಂಟಿಯಾಗಿ ಮಣ್ಣು ಕೆದಕುತ್ತಿತ್ತು. ರುಬೆನ್ ನನ್ನ ಹಿಂದೆ ಮಂಡಿಯೂರಿದ್ದ. ನಾನು ಉಸಿರು ಬಿಟ್ಟು ಟ್ರಿಗರ್ ಎಳೆದೆ. ಆ ರೈಫಲ್ಲಿನ ಸದ್ದು ಎದೆಯೊಳಗೆ ಕೇಳಿಸಬೇಕು. ಆವತ್ತು ಡಬ್ಬಿಯ ಮುಚ್ಚಳ ತೆಗೆದಂತೆ ಟಪ್ ಎಂದಿತು. ಭುಜಕ್ಕೆ ಏನೂ ತಾಕಲಿಲ್ಲ.

ಹಂದಿ ತಲೆಯೆತ್ತಿ ನೋಡಿ ಮತ್ತೆ ಮಣ್ಣಿಗೆ ಬಾಯಿ ಹಾಕಿತು. ನಾನು ರೈಫಲನ್ನು ಹಾಗೆಯೇ ಹಿಡಿದು ಮನಸ್ಸಿನಲ್ಲಿ ಮೂವತ್ತು ಎಣಿಸಿದೆ, ತಡವಾಗಿ ಸಿಡಿದರೂ ಸಿಡಿಯಬಹುದೆಂದು. ಆಮೇಲೆ ಲಿವರ್ ಇಳಿಸಿದೆ. ಕೇಸು ಹೊರಬಂತು. ಹಂದಿ ಅಲ್ಲೇ ಇತ್ತು, ಪಕ್ಕಕ್ಕೆ ತಿರುಗಿ ಇನ್ನೂ ಚೆನ್ನಾಗಿ ಸಿಕ್ಕಿತ್ತು. ನನ್ನ ಬೆರಳುಗಳ ನಡುವೆ ಆಗಲೇ ಎರಡನೆಯ ತೋಟಾ ಬಂದಿತ್ತು. ಅದನ್ನು ಒಳಗಿಟ್ಟು ಹಾರಿಸಲು ಎರಡು ಕ್ಷಣ ಸಾಕು. ಆದರೆ ಬೆಂಚಿನ ಮುಂದೆ ಕಳೆದ ಅಷ್ಟು ಶನಿವಾರಗಳು ನನ್ನ ಕೈ ಹಿಡಿದವು. ತೋಟಾವನ್ನು ಜೇಬಿಗೆ ಹಾಕಿ, ನಳಿಗೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ಇಣುಕಿದೆ. ಬೆಳಕು ಕಾಣಲಿಲ್ಲ. ಗುಂಡು ಒಳಗೇ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದನ್ನು ಹಾರಿಸಿದ್ದರೆ ನಳಿಗೆ ಒಡೆಯುತ್ತಿತ್ತು, ನಾನು ಇದನ್ನು ಬರೆಯುತ್ತಿರಲಿಲ್ಲ. ಕೇಸನ್ನು ಅಂಗೈ ಮೇಲೆ ಬಡಿದಾಗ ಉರಿಯದ ಮದ್ದು ಹೆಪ್ಪುಗಟ್ಟಿದ ಬೆಲ್ಲದ ಹಾಗೆ ಉದುರಿತು. ರುಬೆನ್ ಅದನ್ನು ಬೆರಳಲ್ಲಿ ಒತ್ತಿ, ನೀರು ಎಂದ. ನಿಮ್ಮಪ್ಪ ಈ ತಪ್ಪು ಮಾಡುವ ಮನುಷ್ಯನಲ್ಲ ಮಿಹಾ ಎಂದೂ ಹೇಳಿದ. ಸ್ಪಾನಿಷ್‌ನಲ್ಲಿ ಹಾಗೆಂದರೆ ಮಗಳೇ ಎಂದು. ಹಂದಿ ತನ್ನ ಪಾಡಿಗೆ ಗುಡ್ಡ ಇಳಿದುಹೋಯಿತು.

ಮನೆಗೆ ಬಂದು, ಗ್ಯಾರೇಜಿನ ಸೂರು ಸೋರುತ್ತದೇನೋ ಎಂದು ಏಣಿ ಇಟ್ಟು ನೋಡುತ್ತಿದ್ದೆ. ಅಮ್ಮ ಹೊಸ್ತಿಲ ಹೊರಗೆ ಬಂದು ನಿಂತು, ಏನೇ ಹುಡುಕ್ತಿದೀಯ ಎಂದರು. ಹೇಳಿದೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಸೂರು ಸೋರ್ತಿಲ್ಲ ಕಣೇ. ಅವತ್ತು ಒಳಗೆ ಬಂದಿದ್ದೆ ನಾನು. ಎಲ್ಲಾ ಕಡೆ ನೀರು ಚಿಮುಕಿಸಿದ್ದಾಯ್ತು, ಇಲ್ಲಿಗೆ ಮಾತ್ರ ಇಲ್ಲ ಅಂದ್ರೆ ಹೇಗೆ ಅನ್ನಿಸ್ತು. ಆ ತಾಟು ಎತ್ತಿ ಕೆಳಗಿದ್ದ ಹಲಗೆಗೂ ಹಾಕಿದೆ. ಅವ್ರು ಕೊನೇಲಿ ಮುಟ್ಟಿದ್ದು ಅದೇ ಅಲ್ವಾ?"

ಏಣಿಯಿಂದ ಇಳಿದು ಅಮ್ಮನ ಮುಂದೆ ನಿಂತೆ. ಅವರು ನೀರು ಹಾಕಿದ್ದು ಯಾವ ಕಾರಣಕ್ಕೋ ನಾನು ಆ ಮದ್ದನ್ನು ಚೆಲ್ಲದೆ ಉಳಿಸಿಕೊಂಡದ್ದೂ ಅದೇ ಕಾರಣಕ್ಕೆ. ಗುಂಡು ಕೂರಿಸಿ ಆ ತೇವವನ್ನು ಒಳಗೆ ಬಿಗಿಮಾಡಿದವಳು ನಾನು. ನಿಯಮ ಗೊತ್ತಿದ್ದವಳೂ ನಾನೇ.

ಅಮ್ಮ ಯಾವುದನ್ನೂ ಮುಚ್ಚಿಟ್ಟುಕೊಳ್ಳುವವರಲ್ಲ. ಸಂಜೆಯೊಳಗೆ ಪ್ರಕಾಶನಿಗೆ ಫೋನಿನಲ್ಲಿ ಹೇಳಿಬಿಟ್ಟರು. ಮರುದಿನ ಭಾನುವಾರ, ಅವನು ಸ್ಯಾನ್ ಡಿಯಾಗೋದಿಂದ ಎಲ್ಲೂ ನಿಲ್ಲಿಸದೆ ಡ್ರೈವ್ ಮಾಡಿಕೊಂಡು ಬಂದ. ಕೈಯಲ್ಲಿ ರೈಫಲನ್ನು ಪೊಲೀಸರಿಗೆ ಒಪ್ಪಿಸುವ, ಪ್ರಿಂಟ್ ಮಾಡಿದ ಕಾಗದ. ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದ ಮೇಜಿನ ಮೇಲೆ ಅದನ್ನಿಟ್ಟು, ಅದರ ಮೇಲೆ ಪೆನ್ನು ಇಟ್ಟ.

"ಇಲ್ಲಿ ಸೈನ್ ಮಾಡಿ ಅಮ್ಮ. ಅಪ್ಪ ಹೋದ್ರು. ಇವಳ ಮುಖ ಒಡೆದುಹೋಗೋದನ್ನೂ ನಾನು ನೋಡ್ಬೇಕಾ?"

ನಾನು ಒಪ್ಪಿಕೊಂಡೆ. ತಪ್ಪು ಮಾಡಿದ್ದು ನಾನು, ಅಪ್ಪ ಬೇಡವೆಂದದ್ದನ್ನು ಮಾಡಿದೆ ಎಂದೆ. ಆದರೂ ಕೊಡುವುದಿಲ್ಲ ಎಂದೆ.

"ಹಲಗಲಿ ಕಥೆ ನಂಗೂ ಗೊತ್ತು ನೀಲಾ," ಎಂದ ಅಣ್ಣ. "ಕೊನೇಲಿ ಆ ಊರು ಸುಟ್ಟೋಯ್ತು. ಅಪ್ಪ ಅದನ್ನ ಯಾವಾಗ್ಲೂ ನಿಧಾನವಾಗಿ ಹೇಳ್ತಿದ್ರು, ನೀನು ಕೇಳಿಸ್ಕೊಳ್ತಿರ್ಲಿಲ್ಲ."

"ಕೇಳಿಸ್ಕೊಂಡಿದೀನಿ."

"ಅವ್ರು ನನ್ನ ಒಂದು ಸಲ ಹೊರಗೆ ಕಳ್ಸಿದ್ರು, ಅಷ್ಟೆ, ಮುಗೀತು. ನೀನು ಮೂವತ್ತು ವರ್ಷ ಒಳಗಿದ್ದು ಕಲಿತಿದ್ದು ಇದೇನಾ? ಒದ್ದೆ ಮದ್ದು ತುಂಬೋದು?"

ಆ ಮಾತು ನನಗೆ ತಾಕಿತು. ತಾಕಲೆಂದೇ ಅವನು ಆಡಿದ್ದು. ನಾನು ಉತ್ತರ ಕೊಡುವ ಮೊದಲೇ ಅಮ್ಮ ಪೆನ್ನನ್ನು ಎತ್ತಿ ಹುರುಳಿಕಾಯಿಯ ಬುಟ್ಟಿಯ ಪಕ್ಕಕ್ಕಿಟ್ಟರು.

"ಮೂವತ್ತು ವರ್ಷ ಆ ಬಾಗಿಲು ದಾಟಲಿಲ್ಲ ನಾನು. ದಾಟಿದ ಒಂದೇ ದಿನ ಇಷ್ಟು ಅನಾಹುತ ಮಾಡ್ದೆ. ನೀರು ಹಾಕಿದ್ದು ನಾನು, ಬಂದೂಕಿಗೆ ಯಾಕಪ್ಪ ಶಿಕ್ಷೆ? ಮೊದಲು ಇವಳು ಏನ್ ಮಾಡ್ತಾಳೋ ನಾನು ಕೂತು ನೋಡ್ತೀನಿ. ಸರಿಯಿಲ್ಲ ಅನ್ನಿಸಿದ್ರೆ ನಾನೇ ಫೋನ್ ಮಾಡಿ ನಿಂಗೆ ಹೇಳ್ತೀನಿ, ಬಂದು ತಗೊಂಡು ಹೋಗು."

ಪ್ರಕಾಶ ಕಾಗದವನ್ನು ಅಲ್ಲೇ ಬಿಟ್ಟು ಹೊರಟ. ಊಟ ಮಾಡಲಿಲ್ಲ. ಅಮ್ಮನ ಮನೆಯಿಂದ ಅವನು ಊಟ ಮಾಡದೆ ಹೋದದ್ದು ಅದೇ ಮೊದಲು.

ಹಿತ್ತಾಳೆಯ ಕಡ್ಡಿಯಿಂದ ರುಬೆನ್ ನಳಿಗೆಯ ಗುಂಡು ತಟ್ಟಿ ತೆಗೆದುಕೊಟ್ಟ. ಉಳಿದ ಹತ್ತೊಂಬತ್ತು ತೋಟಾಗಳನ್ನು ನಾನು ಬಿಚ್ಚಿದೆ. ಅದಕ್ಕೊಂದು ಸುತ್ತಿಗೆಯಂಥ ಸಾಧನವಿದೆ. ತೋಟಾವನ್ನು ಅದರ ತಲೆಗೆ ಸಿಕ್ಕಿಸಿ ಕಲ್ಲಿನ ಮೇಲೆ ಹೊಡೆದರೆ ಗುಂಡು ಬಿಟ್ಟುಕೊಳ್ಳುತ್ತದೆ. ಏಳರಲ್ಲಿ ಮದ್ದು ಹೆಪ್ಪುಗಟ್ಟಿತ್ತು, ಹನ್ನೆರಡರಲ್ಲಿ ಚೆನ್ನಾಗಿತ್ತು. ಚೆನ್ನಾಗಿದ್ದದ್ದನ್ನು ಉಳಿಸಿಕೊಳ್ಳಲು ಕೈ ಹೋಯಿತು. ಉಳಿಸಿಕೊಳ್ಳಲಿಲ್ಲ. ಹತ್ತೊಂಬತ್ತರ ಮದ್ದನ್ನೂ ಅಪ್ಪ ಹೇಳಿದ್ದಂತೆ ಸುರುವಿ, ಹಿತ್ತಲ ಬರಿನೆಲದ ಮೇಲೆ ತೆಳ್ಳಗೆ ಹರಡಿ, ಉದ್ದನೆಯ ಕಡ್ಡಿಯಿಂದ ಬೆಂಕಿ ಮುಟ್ಟಿಸಿದೆ. ಒಮ್ಮೆ ಎತ್ತರಕ್ಕೆ ಹತ್ತಿ ಉರಿದು ಮುಗಿಯಿತು. ಚಿತಾಗಾರದಲ್ಲಿ ನಮಗೆ ಬೆಂಕಿ ಕಾಣಿಸಿರಲಿಲ್ಲ. ಗಾಜಿನ ಆಚೆ ಒಂದು ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತ್ತು, ಅಷ್ಟೇ. ಹಿತ್ತಲಿನಲ್ಲಿ ನಾನು ಅತ್ತೆ, ಯಾರೂ ನೋಡುವವರಿರಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಕಾಫಿ ಕುಡಿದು, ಗ್ಯಾರೇಜಿಗೆ ಬಂದು ಸ್ಟೂಲ್ ಮೇಲೆ ಕೂತರು. ಪ್ರೆಸ್ಸನ್ನು, ತಕ್ಕಡಿಯನ್ನು, ಗೋಡೆಯ ಮೇಲಿದ್ದ ಅಪ್ಪನ ಕಪ್ಪು ಏಪ್ರನ್ನನ್ನು ನೋಡಿದರು. ನಾನು ಕೇಸುಗಳನ್ನು ಒತ್ತುವಾಗ ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಕೇಪು ಕೂರಿಸಿದ ಮೇಲೆ ಹೇಳಿದೆ, ಅಮ್ಮ, ಇನ್ನು ಮಾತಾಡಬೇಡಿ ಎಂದು. ಅವರು ತುಟಿ ಮುಚ್ಚಿದರು. ನಾನು ಒಂದೊಂದು ಕೇಸಿಗೂ ಮದ್ದು ತೂಗಿ, ತೂಕ ನಿಂತ ಮೇಲೆ ಸುರಿದೆ. ಅಮ್ಮ ತಕ್ಕಡಿಯ ಮುಳ್ಳನ್ನು ನೋಡುತ್ತಿದ್ದ ರೀತಿ ನನಗೆ ಗುರುತಾಯಿತು. ಹಾಲು ಉಕ್ಕುವ ಮುಂಚೆ ಪಾತ್ರೆಯನ್ನು ನೋಡುವಾಗ ಅವರ ಕಣ್ಣು ಹಾಗೆಯೇ ಇರುತ್ತದೆ. ಗಂಟೆಗಟ್ಟಲೆ ನಾವಿಬ್ಬರೂ ಹೀಗೆ ಒಂದೇ ಕಡೆ ಸುಮ್ಮನೆ ಕೂತದ್ದು ಅಪ್ಪ ಹೋದ ಮೇಲೆ ಇದೇ ಮೊದಲು. ಇಪ್ಪತ್ತಕ್ಕೂ ಟಾರ್ಚ್ ಬಿಟ್ಟು ನೋಡಿ, ಎದ್ದು ಹೋಗದೆ, ಇಪ್ಪತ್ತಕ್ಕೂ ಗುಂಡು ಕೂರಿಸಿದೆ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಬರೆದೆ. ಅಮ್ಮ ಎದ್ದು ಸೀರೆ ಕೊಡವಿಕೊಂಡರು.

"ಇಷ್ಟು ಸಾವಧಾನ ನಿಂಗೆ ಎಲ್ಲಿಂದ ಬಂತೋ. ಅಡುಗೆಮನೇಲಿ ಒಂದು ದಿನ ನೋಡಲಿಲ್ಲ."

ಮೊದಲ ಐದನ್ನು ರೇಂಜಿನಲ್ಲಿ ಹಾರಿಸಿದೆ. ಐದೂ ಎದೆಯೊಳಗೆ ಸದ್ದು ಮಾಡಿದವು. ಎರಡು ವಾರದ ನಂತರ ರಮೋನಾದ ಆಚೆ, ಅದೇ ಓಕ್ ಮರಗಳ ಇಳಿಜಾರಿನಲ್ಲಿ, ಒಂದು ಹಂದಿ, ಅಪ್ಪ ಎತ್ತು ಅನ್ನುತ್ತಿದ್ದ ಆ ತೋಟಾಕ್ಕೆ ಅಡ್ಡ ಸಿಕ್ಕಿತು. ಒಂದೇ ಗುಂಡು. ಅದು ನಾಲ್ಕು ಹೆಜ್ಜೆ ನಡೆದು ಕೂತುಬಿಟ್ಟಿತು, ಮತ್ತೆ ಏಳಲಿಲ್ಲ. ನಾನು ಹತ್ತಿರ ಹೋಗಿ ಅದರ ಬೆನ್ನಿನ ಮೇಲೆ ಅಂಗೈ ಇಟ್ಟೆ. ಬಿರುಸು ಕೂದಲು, ಕೆಳಗೆ ಇನ್ನೂ ಬಿಸಿ. ನನಗೆ ಖುಷಿಯಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ರುಬೆನ್ ಟೋಪಿ ತೆಗೆದ, ಹಂದಿಗೋ ಅಪ್ಪನಿಗೋ ನಾನು ಕೇಳಲಿಲ್ಲ. ಮಾಂಸದಲ್ಲಿ ಅರ್ಧ ಅವನಿಗೆ ಕೊಟ್ಟು, ಅರ್ಧವನ್ನು ಹೊರಗಿನ ಒಲೆಯ ಮೇಲೆ ನಾನೇ ಬೇಯಿಸಿಕೊಂಡೆ. ಅಮ್ಮ ಒಳಗಿನಿಂದ ಎರಡು ಬಿಸಿ ರೊಟ್ಟಿ ತಂದು, ಮೂಗಿಗೆ ಸೆರಗು ಹಿಡಿದು, ಕಟ್ಟೆಯ ತುದಿಯಲ್ಲಿಟ್ಟು ಹೋದರು. ಸೋಮವಾರ ಅವರೇ ಕನ್ನಡಕ ಹುಡುಕಿಕೊಂಡು ಬಂದು, ರೈಫಲನ್ನು ನನ್ನ ಹೆಸರಿಗೆ ಮಾಡುವ ಕಾಗದ ಎಲ್ಲಿ ಎಂದು ಕೇಳಿದರು. ಪ್ರಕಾಶ ಬಿಟ್ಟುಹೋಗಿದ್ದ ಪೆನ್ನಿನಿಂದಲೇ ಸಹಿ ಹಾಕಿದರು.

ಪ್ರಕಾಶ ಆಡಿದ ಮಾತಿಗೆ ತಪ್ಪಲಿಲ್ಲ. ಅವನ ಮಕ್ಕಳು ಇವತ್ತಿನವರೆಗೂ ನಾರ್ವಾಕ್‌ನ ಮನೆಗೆ ಬಂದಿಲ್ಲ. ಅವರ ಎತ್ತರ ನನಗೆ ಫೋಟೋಗಳಿಂದ ಗೊತ್ತು. ಅದರ ನೋವು ಇಲ್ಲವೆಂದರೆ ಸುಳ್ಳಾಗುತ್ತದೆ. ಆ ನೋವಿಗೆ ಹೆದರಿ ಸೇಫಿನ ಬೀಗದ ಕೈಯನ್ನು ಅವನ ಕೈಗೆ ಕೊಟ್ಟರೆ ಅದಕ್ಕಿಂತ ದೊಡ್ಡ ಸುಳ್ಳಾಗುತ್ತದೆ. ಸೋತು ಒಪ್ಪಿಸಿದ ಮೇಲೆ ನಗುತ್ತಾ ಆ ಮಕ್ಕಳೆದುರು ಕೂರಲು ನನಗೆ ಬರುವುದಿಲ್ಲ. ತಿಂಗಳಿಗೆ ಎರಡು ಶನಿವಾರ ಅಮ್ಮ ನಾರ್ವಾಕ್‌ನಲ್ಲಿ ರೈಲು ಹತ್ತಿ, ಓಷನ್‌ಸೈಡ್‌ನಲ್ಲಿ ಕೋಸ್ಟರ್ ಎಂಬ ಇನ್ನೊಂದು ರೈಲಿಗೆ ಬದಲಾಯಿಸಿ, ಸೊರೆಂಟೊ ವ್ಯಾಲಿಯಲ್ಲಿ ಇಳಿಯುತ್ತಾರೆ. ಎಪ್ಪತ್ತು ದಾಟಿದ ಮೇಲೆ ಕಲಿತ ದಾರಿ. ಮೊಮ್ಮಕ್ಕಳಿಗೆ ಕೋಡುಬಳೆ ಒಯ್ಯುತ್ತಾರೆ. ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಹುಡುಗರು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರಂತೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಪ್ರಕಾಶ ಪ್ರತಿ ಸಲವೂ ತಟ್ಟೆ ನೋಡುತ್ತಾ ಒಂದೇ ಪ್ರಶ್ನೆ ಕೇಳುತ್ತಾನೆ. ಸಂಜೆ ಸ್ಟೇಷನ್ನಿನಿಂದ ಕಾರಿನಲ್ಲಿ ಬರುವಾಗ ಅಮ್ಮ ಅದನ್ನು ಅವನದೇ ದನಿಯಲ್ಲಿ ನನಗೆ ಹೇಳಿ ತೋರಿಸುತ್ತಾರೆ, ತಮ್ಮ ಉತ್ತರವನ್ನೂ.

"ಅದು ಇನ್ನೂ ಅಲ್ಲೇ ಇದೆಯಾ ಅಮ್ಮ?"

"ಇದೆ. ಸಾರು ಹಾಕು."